ಕೊಂಡ ಸರಕು ಹಿಂದಿರುಗುವ ಗಡುವು

ಆಷಾಢಮಾಸದಲ್ಲಿ ಅರಸೀಕೆರೆಯ ಬಳಿಯ ಮಾಲೇಕಲ್ಲು ತಿರುಪತಿಯ ಜಾತ್ರೆಗೆ ಹೋದವರು ಬೆಟ್ಟದ ಬುಡದಲ್ಲಿ ಒಂದು ತೆಂಗಿನಕಾಯಿಯನ್ನು ಕೊಳ್ಳದೆ ಮೆಟ್ಟಿಲು ಹತ್ತುವುದುಂಟೆ? ಕಿವಿಯ ಬಳಿ ಹಿಡಿದು ಅಲುಗಿಸುತ್ತೀರಿ, ಬೆರಳಿನಿಂದ ತಟ್ಟುತ್ತೀರಿ, ಕೈಯಲ್ಲೇ ತೂಗಿ ನೋಡುತ್ತೀರಿ. ಇಷ್ಟು ಮಾಡಿಯೂ ಒಡೆದಾಗ ಒಳಗೆ ಕೊಳೆತಿರುವುದುಂಟು. ತಪ್ಪು ನಿಮ್ಮದಲ್ಲ, ಮಾರಿದವನಿಗೂ ಚಿಪ್ಪಿನ ಒಳಗಿನದು ಕಾಣದು. ಹಾಗಾದರೆ ನಷ್ಟ ಯಾರದು? ನಮ್ಮ ಕಡೆಯ ಎಷ್ಟೋ ಅಂಗಡಿಯವರು ಕೆಟ್ಟ ಹೋಳನ್ನು ನೋಡಿದೊಡನೆ ಮಾತಿಲ್ಲದೆ ಬೇರೊಂದು ಕಾಯಿಯನ್ನು ಎತ್ತಿಕೊಡುತ್ತಾರೆ. ಈ ಸಣ್ಣ ವಹಿವಾಟಿನ ಹಿಂದೆ ಸುಮಾರು ಎರಡು ಸಾವಿರ ವರ್ಷಗಳ ವಿಚಾರವಿದೆ.

ಅದನ್ನು ಹುಡುಕುವಂತೆ ಮಾಡಿದವನು ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಈಗ ಅವನಿಗೆ ಬೀದಿಯಲ್ಲಿ ಅಂಗಡಿಯಿಲ್ಲ. ಅಂತರ್ಜಾಲದ ಮಾರುಕಟ್ಟೆಯಲ್ಲಿ ಸೀರೆ ಮಾರುತ್ತಾನೆ. ಒಂದು ಸಂಜೆ ಬಂದು, “ಮೇಷ್ಟ್ರೇ, ಮದುವೆಮನೆಯಲ್ಲಿ ಉಟ್ಟು ಅರಿಸಿನದ ಕಲೆಯಾದ ಸೀರೆ ಹಿಂದಕ್ಕೆ ಬಂದಿದೆ. ಹೋಗುವ ಬರುವ ಸಾಗಣೆಯ ಖರ್ಚೂ ನನ್ನ ತಲೆಯ ಮೇಲೆಯೇ ಬಿತ್ತು. ಇನ್ನು ಮುಂದೆ ‘ಮಾರಿದ ಮಾಲನ್ನು ವಾಪಸು ತೆಗೆದುಕೊಳ್ಳುವುದಿಲ್ಲ’ ಎಂದು ಬರೆದುಬಿಡಲೇ?” ಎಂದು ಕೇಳಿದ. ನಾನು, “ಅವಸರ ಬೇಡಪ್ಪ. ಹಿಂದಿನವರು ಇದಕ್ಕೆ ಏನು ವ್ಯವಸ್ಥೆ ಮಾಡಿದ್ದರೆಂದು ಮೊದಲು ನೋಡೋಣ” ಎಂದೆ.

ನಾವು ಮಾತನಾಡುತ್ತಿದ್ದ ಊರೇ ಹಳೆಯ ವರ್ತಕರ ಊರು. ಅರಸಿಯೊಬ್ಬಳ ಕೆರೆಯಿಂದ ಹೆಸರು ಪಡೆದ ಅರಸೀಕೆರೆಯಲ್ಲಿ, ೧೨೨೦ರಲ್ಲಿ, ರೇಚರಸನು ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದನು. ಹೊಯ್ಸಳರ ರಾಜಧಾನಿ ದೋರಸಮುದ್ರ, ಅಂದರೆ ಇಂದಿನ ಹಳೇಬೀಡು, ಇಲ್ಲಿಗೆ ದೂರವಲ್ಲ. ಆ ಕಾಲದ ಕನ್ನಡ ನಾಡಿನಲ್ಲೆಲ್ಲ ಹೆಸರಾಗಿದ್ದ ವರ್ತಕ ಸಂಘ ಅಯ್ಯಾವೊಳೆಯ ಐನೂರ್ವರದು. ಆನೆ, ಕುದುರೆ, ರತ್ನ, ಸುಗಂಧದ್ರವ್ಯಗಳನ್ನು ಹೊತ್ತು ದೇಶದೇಶಗಳನ್ನು ಸುತ್ತುತ್ತಿದ್ದ ಈ ವ್ಯಾಪಾರಿಗಳು ತಮ್ಮ ನಡೆವಳಿಯನ್ನು ‘ವೀರಬಣಂಜುಧರ್ಮ’ ಎಂದು ಕರೆದುಕೊಂಡರು. ಧರ್ಮ ಎಂಬ ಮಾತನ್ನು ಗಮನಿಸಿ. ವ್ಯಾಪಾರವೆಂದರೆ ಲಾಭವಷ್ಟೇ ಅಲ್ಲ, ಅದಕ್ಕೊಂದು ಕಟ್ಟುಪಾಡೂ ಉಂಟೆಂಬುದು ಅವರ ಹೆಮ್ಮೆ.

ಆ ಯುಗದ ಕಟ್ಟುಪಾಡುಗಳನ್ನು ವಿವರಿಸಿ ಬರೆದ ಮಹಾಪಂಡಿತನೂ ನಮ್ಮ ನಾಡಿನವನೇ. ಆತ ವಿಜ್ಞಾನೇಶ್ವರ. ೧೦೭೬ರಿಂದ ೧೧೨೬ರವರೆಗೆ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಶ್ರಯದಲ್ಲಿ ಅವನು ಯಾಜ್ಞವಲ್ಕ್ಯಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನವನ್ನು ರಚಿಸಿದನು. ೧೧೧೭ರಲ್ಲಿ ಬೇಲೂರಿನ ಚೆನ್ನಕೇಶವ ದೇವಾಲಯವನ್ನು ಕಟ್ಟಿಸಿದ ವಿಷ್ಣುವರ್ಧನನಿಗೆ ಇದೇ ವಿಕ್ರಮಾದಿತ್ಯನು ಸಾರ್ವಭೌಮನಾಗಿದ್ದನು.

ಸ್ಮೃತಿಕಾರರು ವ್ಯಾಜ್ಯಗಳನ್ನು ಹದಿನೆಂಟು ಬಗೆಯಾಗಿ ವಿಂಗಡಿಸಿದಾಗ, ಅವುಗಳಲ್ಲಿ ಒಂದಕ್ಕೆ ‘ಕ್ರೀತಾನುಶಯ’ ಎಂಬ ಹೆಸರನ್ನು ಕೊಟ್ಟರು. ಕ್ರೀತವೆಂದರೆ ಕೊಂಡದ್ದು, ಅನುಶಯವೆಂದರೆ ಪಶ್ಚಾತ್ತಾಪ. ಕೊಂಡ ಮೇಲೆ ‘ಅಯ್ಯೋ, ಏಕಾದರೂ ಕೊಂಡೆನೋ’ ಎನಿಸುವ ಮನಸ್ಸಿಗೆ ಎಷ್ಟು ಸೊಗಸಾದ ಹೆಸರು! ಇಲ್ಲಿ ಯಾಜ್ಞವಲ್ಕ್ಯನು ಸರಕನ್ನು ಪರೀಕ್ಷಿಸಲು ದಿನಗಳನ್ನು ಗೊತ್ತುಪಡಿಸುತ್ತಾನೆ: ಕಬ್ಬಿಣಕ್ಕೆ ೧ ದಿನ, ಕರೆಯುವ ಹಸುವಿಗೆ ೩, ಹೊರೆಹೊರುವ ಎತ್ತಿಗೆ ೫, ರತ್ನಕ್ಕೆ ೭, ಬಿತ್ತನೆ ಬೀಜಕ್ಕೆ ೧೦ ದಿನ. ದಾಸದಾಸಿಯರನ್ನೂ ಅದೇ ಪಟ್ಟಿಯಲ್ಲಿ ಸೇರಿಸಿರುವುದು ನಾವು ತಲೆತಗ್ಗಿಸಬೇಕಾದ ಸಂಗತಿ. ಆ ಮಾತನ್ನು ಮುಚ್ಚಿಡಬಾರದು.

ಉಳಿದ ದಿನಗಳ ಲೆಕ್ಕವನ್ನು ರೈತರನ್ನು ಕೇಳಿ ನೋಡಿ. ಸಂತೆಯ ಹಿಂದಿನ ಹೊತ್ತು ಹಾಲು ಕರೆಯದೆ ಬಿಟ್ಟರೆ ಬಡಕಲು ಹಸುವಿನ ಕೆಚ್ಚಲೂ ತುಂಬಿ ಕಾಣುತ್ತದೆ. ಮೂರು ದಿನ ಕರೆದರೆ ನಿಜ ತಿಳಿಯುತ್ತದೆ. ನೊಗದಡಿಯಲ್ಲಿ ಮಲಗಿಬಿಡುವ ಎತ್ತಿನ ಗುಣ ಐದು ದಿನ ದುಡಿಸಿದರೆ ಹೊರಬೀಳುತ್ತದೆ. ಬೀಜ ಮೊಳೆಯುವುದೋ ಇಲ್ಲವೋ ಎಂದು ತಿಳಿಯಲು ಹತ್ತು ದಿನ ಬೇಕು. ಗಡುವನ್ನು ಮಾರುವವನ ಮರ್ಜಿಯಿಂದಾಗಲಿ, ಕೊಳ್ಳುವವನ ಹಟದಿಂದಾಗಲಿ ಅಳೆದಿಲ್ಲ. ಆಯಾ ವಸ್ತುವಿನ ದೋಷ ಬಯಲಾಗಲು ಹಿಡಿಯುವ ಕಾಲದಿಂದ ಅಳೆದಂತಿದೆ.

ಮನುವು ಮಾರಿದವನಿಗಾಗಲಿ ಕೊಂಡವನಿಗಾಗಲಿ ಹತ್ತು ದಿನದೊಳಗೆ ಮನಸ್ಸು ಬದಲಾಯಿಸಲು ಅವಕಾಶ ಕೊಟ್ಟಿದ್ದಾನೆ. ಹಾಗಾದರೆ ಯಾಜ್ಞವಲ್ಕ್ಯನೊಡನೆ ವಿರೋಧ ಬರಲಿಲ್ಲವೆ? ವಿಜ್ಞಾನೇಶ್ವರನ ಸಮಾಧಾನವಿದು: ಮನುವಿನ ಹತ್ತು ದಿನ ಮನೆ, ಹೊಲ, ವಾಹನ, ಮಂಚ, ಆಸನಗಳಂತೆ ಬಳಸಿದರೂ ಸವೆದುಹೋಗದ ವಸ್ತುಗಳಿಗೆ. ಕೌಟಿಲ್ಯನ ಅರ್ಥಶಾಸ್ತ್ರವು ಕೊಳ್ಳುವ ಮಾರುವ ಜನರನ್ನೇ ನೋಡಿ, ವರ್ತಕರಿಗೆ ಒಂದು ದಿನ, ಬೇಸಾಯಗಾರರಿಗೆ ಮೂರು, ಗೋಪಾಲಕರಿಗೆ ಐದು ಎಂದಿತು. ಕಾಲಗರ್ಭದಲ್ಲಿ ಅಡಗಿದ್ದ ಆ ಗ್ರಂಥವನ್ನು ಬೆಳಕಿಗೆ ತಂದು ೧೯೦೯ರಲ್ಲಿ ಅಚ್ಚುಮಾಡಿಸಿದವರು ನಮ್ಮ ಮೈಸೂರಿನ ಆರ್. ಶಾಮಶಾಸ್ತ್ರಿಗಳೆಂಬುದು ಕನ್ನಡಿಗರ ಭಾಗ್ಯ.

ಆದರೆ ನನ್ನ ಶಿಷ್ಯನ ಪ್ರಶ್ನೆಗೆ ನೇರ ಉತ್ತರ ಸಿಕ್ಕಿದ್ದು ನಾರದಸ್ಮೃತಿಯಲ್ಲಿ. ಸರಕು ಹಿಡಿಸಲಿಲ್ಲವೆನಿಸಿದರೆ ಅದೇ ದಿನ, ಕೆಡದಂತೆ, ಹಿಂದಿರುಗಿಸಬಹುದು. ಎರಡನೆಯ ದಿನ ತಂದರೆ ಬೆಲೆಯಲ್ಲಿ ಮೂವತ್ತರಲ್ಲಿ ಒಂದು ಪಾಲು ಮುರಿ. ಮೂರನೆಯ ದಿನ ಅದರ ಎರಡರಷ್ಟು. ಆಮೇಲೆ ಸರಕು ಕೊಂಡವನದೇ. ಮೂರು ಸಾವಿರ ರೂಪಾಯಿನ ಸೀರೆಗೆ ಲೆಕ್ಕ ಹಾಕಿದರೆ ಮೊದಲು ನೂರು, ಬಳಿಕ ಇನ್ನೂರು. ತಾನೇ ಪರೀಕ್ಷಿಸಿ ಒಪ್ಪಿ ಕೊಂಡದ್ದು ಮಾರಿದವನಿಗೆ ಮರಳದು. ಉಟ್ಟು ಕೊಳೆಯಾದ ಬಟ್ಟೆಯಂತೂ, ದೋಷವಿದ್ದರೂ, ಹಿಂದಿರುಗದು. ಇದನ್ನು ಕೇಳಿ ಶಿಷ್ಯನ ಮುಖ ಅರಳಿತು. “ನಿಲ್ಲು, ಮುಂದೆ ಕೇಳು” ಎಂದೆ. ಒಳ್ಳೆಯದನ್ನು ತೋರಿಸಿ ದೋಷವುಳ್ಳದ್ದನ್ನು ಕೊಟ್ಟವನು ಬೆಲೆಯ ಎರಡರಷ್ಟನ್ನು ಕೊಂಡವನಿಗೂ, ಅಷ್ಟೇ ದಂಡವನ್ನು ರಾಜನಿಗೂ ತೆರಬೇಕೆಂದು ಅದೇ ನಾರದನು ವಿಧಿಸಿದ್ದಾನೆ! ಚಿತ್ರದಲ್ಲಿ ಒಂದು ಬಣ್ಣ, ಕಳುಹಿಸಿದ ಗಂಟಿನಲ್ಲಿ ಇನ್ನೊಂದು ಬಣ್ಣವಿದ್ದರೆ ಈ ಮಾತು ಯಾರಿಗೆ ತಗಲುತ್ತದೆ, ಹೇಳಿ.

ಇಂದಿನ ಕಾನೂನೂ ಇದೇ ದಾರಿಯಲ್ಲಿ ನಡೆದಿದೆ. ೧೯೩೦ರ ಸರಕು ಮಾರಾಟ ಕಾಯಿದೆಯು ಮಾದರಿಗೂ ವರ್ಣನೆಗೂ ಸರಕು ಹೊಂದಬೇಕೆಂದಿತು. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ, ದೋಷವುಳ್ಳ ಸರಕನ್ನು ರಸೀದಿಯಲ್ಲಿ ಹೇಳಿದ ಗಡುವಿನೊಳಗೆ, ಗಡುವು ಬರೆದಿರದಿದ್ದರೆ ೩೦ ದಿನದೊಳಗೆ, ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದು ಅನುಚಿತ ವ್ಯಾಪಾರ. ೨೦೨೦ರ ಇ-ವಾಣಿಜ್ಯ ನಿಯಮಗಳು ದೋಷವುಳ್ಳ, ವರ್ಣನೆಗೆ ಹೊಂದದ ಸರಕನ್ನು ವಾಪಸು ಪಡೆಯಲಾರೆನೆಂದು ಮಾರಾಟಗಾರನು ಹೇಳಕೂಡದೆಂದು ವಿಧಿಸಿವೆ. ಶಿಷ್ಯನು ಬರೆಯಹೊರಟ ಫಲಕ ಅಲ್ಲಿ ನಿಲ್ಲುವುದಿಲ್ಲ. ನ್ಯಾಯವೂ ಅದೇ. ಬೀದಿಯ ಅಂಗಡಿಯಲ್ಲಿ ಸೆರಗನ್ನು ಮುಟ್ಟಿ, ಬೆಳಕಿಗೆ ಹಿಡಿದು ನೋಡುತ್ತೇವೆ. ದೂರದಿಂದ ತರಿಸಿದವರ ಪರೀಕ್ಷೆ ಶುರುವಾಗುವುದು ಗಂಟು ಮನೆಬಾಗಿಲಿಗೆ ಬಂದ ಮೇಲೆಯೇ.

ಕೊನೆಗೆ ಇಬ್ಬರೂ ಕೂತು ನಾಲ್ಕು ಸಾಲು ಬರೆದೆವು. ದೋಷವಿದ್ದರೆ, ಹೇಳಿದ್ದೊಂದು ಬಂದದ್ದೊಂದಾದರೆ, ಪೂರ್ತಿ ಹಣ ವಾಪಸು. ಸಾಗಣೆಯ ಖರ್ಚು ಮಾರಿದವನದು. ಬರಿಯ ಮನಸ್ಸು ಬದಲಾದರೆ ಏಳು ದಿನದೊಳಗೆ, ಮಡಿಕೆ ಬಿಚ್ಚಿ ನೋಡಿರಬಹುದು, ಉಟ್ಟಿರಬಾರದು. ಮರಳಿ ಕಳುಹಿಸುವ ಖರ್ಚು ಕೊಂಡವರದು. ಕಳುಹಿಸುವ ಮುನ್ನ ಪ್ರತಿ ಸೀರೆಯ ಚಿತ್ರವನ್ನು ತೆಗೆದಿಡುವುದು. ಈ ಷರತ್ತುಗಳು ಕೊಳ್ಳುವ ಮೊದಲೇ ಕಣ್ಣಿಗೆ ಬೀಳುವಂತಿರುವುದು. ಮಾರುಕಟ್ಟೆಯ ಒಡೆಯರ ನಿಯಮ ಇದಕ್ಕಿಂತ ಉದಾರವಾಗಿದ್ದರೆ ಅದನ್ನೇ ಅನುಸರಿಸುವುದು.

ಅವನ ಅರಿಸಿನದ ಸೀರೆಯ ನಷ್ಟವನ್ನು ನಾರದನು ತುಂಬಿಕೊಡಲಾರ. ಆದರೆ ಒಬ್ಬರು ಮಾಡಿದ ಮೋಸಕ್ಕಾಗಿ ನೂರು ಮಂದಿ ಪ್ರಾಮಾಣಿಕರ ಮುಂದೆ ಬಾಗಿಲು ಮುಚ್ಚಬಾರದೆಂದು ಅವನು ಒಪ್ಪಿಕೊಂಡು ಹೋದ. ಮುಂದಿನ ಆಷಾಢದಲ್ಲಿ ಮಾಲೇಕಲ್ಲಿಗೆ ಹೋದಾಗ ನಿಮ್ಮ ಕಾಯಿ ಕೆಟ್ಟಿದ್ದರೆ, ಒಡೆದ ಹೋಳನ್ನು ಹಿಡಿದು ಸಂಕೋಚವಿಲ್ಲದೆ ಅಂಗಡಿಗೆ ಮರಳಿ. ಕಾಯಿ ಚೆನ್ನಾಗಿದ್ದರೆ ಮಾತ್ರ, ದಯವಿಟ್ಟು, ಕೆಟ್ಟಿತೆಂದು ಹೇಳಬೇಡಿ.