‘ಟೇಕ್’ ಎಂಬ ಕ್ರಿಯಾಪದದ ಪೂರ್ವವೃತ್ತಾಂತ

ಒಂದು ಭಾಷೆಯು ಮತ್ತೊಂದರಿಂದ ನಾಮಪದಗಳನ್ನು ಎರವಲು ಪಡೆಯುವುದು ಸಾಮಾನ್ಯ; ನಿತ್ಯವ್ಯವಹಾರದ ಕ್ರಿಯಾಪದವನ್ನೇ ಪಡೆಯುವುದು ಅಪೂರ್ವ. ಕನ್ನಡವು ಆಂಗ್ಲಪದಗಳನ್ನು ಧಾರಾಳವಾಗಿ ಸ್ವೀಕರಿಸಿದ್ದರೂ ‘ಪಾಸು ಮಾಡು’, ‘ಫೋನು ಮಾಡು’ ಎಂದು ಕ್ರಿಯೆಯ ಭಾರವನ್ನು ತನ್ನ ಧಾತುವಿಗೇ ಒಪ್ಪಿಸಿದೆ. ತರಗತಿಗಳಲ್ಲಿ ‘ಟೇಕ್, ಟುಕ್, ಟೇಕನ್’ ಎಂದು ಕಂಠಪಾಠ ಮಾಡಿಸುವ ನಾವು ಅದನ್ನು ಅಚ್ಚ ಇಂಗ್ಲಿಷ್ ಧಾತುವೆಂದೇ ಭಾವಿಸಿರುತ್ತೇವೆ. ವಸ್ತುಸ್ಥಿತಿ ಬೇರೆ.

ಹಳೆಯ ಇಂಗ್ಲಿಷಿನಲ್ಲಿ ಈ ಅರ್ಥಕ್ಕೆ ರೂಢಿಯಲ್ಲಿದ್ದುದು ‘ನಿಮನ್’. ಜರ್ಮನ್ ಭಾಷೆಯ ‘ನೇಮೆನ್’ ಅದರ ಸೋದರ. ‘ಟೇಕ್’ ಎಂಬುದು ಸ್ಕ್ಯಾಂಡಿನೇವಿಯದವರ ‘ತಕ’. ಇದಕ್ಕೆ ಸಂಬಂಧಿಸಿದ ಗಾಥಿಕ್ ಧಾತುವಿಗೆ ‘ಮುಟ್ಟು’ ಎಂದರ್ಥ. ನಮ್ಮ ‘ತಾಗು’ವಿನೊಡನೆ ಇದನ್ನು ಗಂಟುಹಾಕಲು ಮನಸ್ಸು ಹಾತೊರೆಯಬಹುದು, ಆದರೆ ಅದು ಕೇವಲ ಧ್ವನಿಸಾಮ್ಯ, ವಿದ್ಯಾರ್ಥಿಗಳು ಎಚ್ಚರದಿಂದಿರಬೇಕು.

793ರಲ್ಲಿ ಲಿಂಡಿಸ್‌ಫಾರ್ನ್ ಮಠವನ್ನು ಸುಲಿದವರು ಕಡಲುಗಳ್ಳರು. 865ರಲ್ಲಿ ಬಂದದ್ದು ದೊಡ್ಡ ಸೈನ್ಯ. 878ರಲ್ಲಿ ಆಲ್‌ಫ್ರೆಡ್ ದೊರೆಯು ಗುಥ್ರುಮನನ್ನು ಸೋಲಿಸಿದ ತರುವಾಯ ಏರ್ಪಟ್ಟ ಒಡಂಬಡಿಕೆಯಿಂದ ಎರಡು ಪಕ್ಷಗಳಿಗೂ ಗಡಿ ಗೊತ್ತಾಯಿತು. ಉತ್ತರ ಮತ್ತು ಪೂರ್ವ ಪ್ರಾಂತಗಳಲ್ಲಿ ಡೇನರು ನೆಲೆನಿಂತು ಉತ್ತುಬಿತ್ತಿದರು, ಸ್ಥಳೀಯರೊಡನೆ ಸಂಬಂಧ ಬೆಳೆಸಿದರು. ‘ತಕ’ವು ಬೇರೂರಿದ್ದು ಈ ನೆಲದಲ್ಲಿ. ಇದನ್ನು ದಿಗ್ವಿಜಯದ ಫಲವೆನ್ನುವುದು ನಮಗೆ ಸಮ್ಮತವಲ್ಲ. 1066ರ ಅನಂತರ ಆಳಿದ ನಾರ್ಮನರ ಫ್ರೆಂಚ್ ಭಾಷೆಯು ನ್ಯಾಯಾಸ್ಥಾನದ, ರಾಜ್ಯಾಡಳಿತದ ಪದಗಳನ್ನು ರಾಶಿರಾಶಿಯಾಗಿ ತಂದಿತು. ಆದರೂ ‘ತೆಗೆದುಕೊಳ್ಳು’ ಎಂಬ ಮಾತನ್ನು ಬದಲಿಸಲಿಲ್ಲ. ಅದನ್ನು ಬದಲಿಸಿದವನು ಪಕ್ಕದ ಹೊಲದ ರೈತ. ‘ಅವರು’ ಎಂಬರ್ಥದ ‘ದೇ’ ಎಂಬ ಸರ್ವನಾಮವೂ ಅವನ ಕೊಡುಗೆಯೇ.

ಮಾತಿನಲ್ಲಿ ಬೆರೆತದ್ದು ಬರಹಕ್ಕೆ ಏರಲು ಬಹುಕಾಲ ಹಿಡಿಯಿತು. ಆಂಗ್ಲೋ-ಸ್ಯಾಕ್ಸನ್ ವೃತ್ತಾಂತದಲ್ಲಿ ಈ ಪದವು ಕಾಣುವುದು 11ನೆಯ ಶತಮಾನದ ಉತ್ತರಾರ್ಧದ ಸಂಗತಿಗಳಲ್ಲಿ. ‘ಷೇಕ್, ಷುಕ್’ ಎಂಬ ದೇಶೀಯ ಮಾದರಿ ಮೊದಲೇ ಇದ್ದುದರಿಂದ ಅದರ ರೂಪಗಳು ಯಾರ ಕಿವಿಗೂ ಪರಕೀಯವೆನಿಸಿರಲಾರವು. ದಕ್ಷಿಣದಲ್ಲಿ ಮಾತ್ರ ‘ನಿಮನ್’ ಇನ್ನಷ್ಟು ಕಾಲ ಉಸಿರಾಡಿತು.

ಸ್ಥಾನಭ್ರಷ್ಟವಾದ ಆ ಹಳೆಯ ಧಾತು ಕಡೆಗೆ ‘ಕದಿ’ ಎಂಬ ಹೀನಾರ್ಥಕ್ಕೆ ಇಳಿಯಿತು. ಷೇಕ್ಸ್‌ಪಿಯರನ ‘ಐದನೆಯ ಹೆನ್ರಿ’ ನಾಟಕದಲ್ಲಿ ಗಲ್ಲಿಗೇರುವ ಕಳ್ಳ ಸಿಪಾಯಿಯ ಹೆಸರು ‘ನಿಮ್’ ಎಂದಿರುವುದರ ಸ್ವಾರಸ್ಯ ಇದೇ. ‘ಚುರುಕಾದ’ ಎಂಬರ್ಥದ ‘ನಿಂಬಲ್’, ‘ಮರಗಟ್ಟಿದ’ ಎಂಬರ್ಥದ ‘ನಮ್’ ಇವೆರಡೂ ಅದರ ಸಂತತಿ. ಎರಡನೆಯದು ಮೂಲತಃ ‘ಹಿಡಿಯಲ್ಪಟ್ಟ’ ಎಂಬ ಕೃದಂತ. ಅದರ ಕೊನೆಯಲ್ಲಿ ಬರೆದೂ ಉಚ್ಚರಿಸದ ಬಕಾರವಂತೂ ಮೂಲದಲ್ಲಿ ಇರಲೇ ಇಲ್ಲ.