ನೀರಿನ ಹೂಜಿ ಮತ್ತು ಬೆಳಗಿನ ಕಾಲೇಜು

ನಮ್ಮ ಕಾಲೇಜಿನಲ್ಲಿ ಪ್ಲೇಸ್‌ಮೆಂಟ್ ಸೆಲ್ ಅಂತ ಒಂದಿದೆ. ಚರಿತ್ರೆ ಪಾಠ ಮಾಡುವ ನನ್ನನ್ನು ಅದರ ಸಂಚಾಲಕನನ್ನಾಗಿ ಮಾಡಿದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ. ಉಳಿದ ಸಮಿತಿಗಳೆಲ್ಲ ಹಿರಿಯರಿಗೆ ಹಂಚಿಹೋಗಿದ್ದವು, ನಾನು ಹೊಸಬ. ಕಳೆದ ವರ್ಷ ಒಂದು ಕಂಪನಿಯವರು ಸಂದರ್ಶನಕ್ಕೆ ಬರುವ ಹಿಂದಿನ ಸಂಜೆ ಬಿ.ಕಾಂ. ಕೊನೆಯ ವರ್ಷದ ಹುಡುಗನೊಬ್ಬ ಬಂದು, "ಸರ್, ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ರೆ ಏನ್ ಹೇಳ್ಲಿ?" ಅಂದ. ಅವನ ತಂದೆ ಪೌರಕಾರ್ಮಿಕರು. ನಾನು ಹೆಚ್ಚು ಯೋಚಿಸದೆ, "ಪುರಸಭೇಲಿ ಕೆಲಸ ಅನ್ನು, ಸಾಕು" ಅಂದುಬಿಟ್ಟೆ. ಮರುದಿನ ಹೊರಗೆ ಬಂದವನು, "ಪುರಸಭೇಲಿ ಏನು ಕೆಲಸ ಅಂತ ಮತ್ತೆ ಕೇಳಿದ್ರು ಸರ್" ಅಂದ. ಅಷ್ಟೇ. ಕೆಲಸ ಸಿಗಲಿಲ್ಲ. ಆ ಪ್ರಶ್ನೆಯಿಂದಲೇ ಸಿಗಲಿಲ್ಲವೆಂದು ನಾನು ಸಾಬೀತು ಮಾಡಲಾರೆ. ಆದರೆ ನಾನು ಕೊಟ್ಟ ಸಲಹೆ ಇವತ್ತಿಗೂ ನನ್ನನ್ನು ಚುಚ್ಚುತ್ತದೆ. ಅದಕ್ಕೂ ಒಂದು ಚರಿತ್ರೆ ಇದೆ ಎಂದು ತಿಳಿದವನಾಗಿ ಇನ್ನೂ ಹೆಚ್ಚು ಚುಚ್ಚುತ್ತದೆ.

1917ರಲ್ಲಿ ಅಂಬೇಡ್ಕರ್ ಬರೋಡಾಕ್ಕೆ ಹೋದದ್ದು ಕೆಲಸಕ್ಕೆ. ಕೊಲಂಬಿಯಾದ ಎಂ.ಎ. ಕೈಯಲ್ಲಿತ್ತು. ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಬಂದಿದ್ದರು. ಓದಿಸಿದ ಮಹಾರಾಜರ ಸಂಸ್ಥಾನದಲ್ಲಿ ನೌಕರಿ ಮಾಡುವುದು ಕರಾರು. ಅಕೌಂಟೆಂಟ್ ಜನರಲ್ ಕಚೇರಿಯಲ್ಲಿ ಕೆಲಸವೇನೋ ಸಿಕ್ಕಿತು. ರಾತ್ರಿ ಮಲಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ವಸತಿಗೃಹವೊಂದರಲ್ಲಿ ಪಾರ್ಸಿ ಹೆಸರು ಬರೆಸಿಕೊಂಡು ಇರಬೇಕಾಯಿತು. ಹನ್ನೊಂದನೆಯ ದಿನ ದೊಣ್ಣೆ ಹಿಡಿದವರ ಗುಂಪು ಬಂದು ಹೊರಹಾಕಿತು. ಊರಲ್ಲಿದ್ದ ಇಬ್ಬರು ಗೆಳೆಯರೂ, ಒಬ್ಬ ಹಿಂದೂ, ಇನ್ನೊಬ್ಬ ಕ್ರೈಸ್ತ, ನಯವಾಗಿಯೇ ನೆಪ ಹೇಳಿದರು. ಮುಂಬಯಿ ರೈಲಿನ ಹೊತ್ತಾಗುವ ತನಕ ಸಾರ್ವಜನಿಕ ಉದ್ಯಾನದಲ್ಲಿ ಕೂತಿದ್ದನ್ನು ಅವರೇ 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಬರೆದಿದ್ದಾರೆ. ಪಾರ್ಸಿ ಹೆಸರು ಬರೆಸಿಕೊಳ್ಳುವುದಕ್ಕೂ 'ಪುರಸಭೇಲಿ ಕೆಲಸ' ಅನ್ನುವುದಕ್ಕೂ ನಡುವೆ ನೂರು ವರ್ಷ ಕಳೆದಿದೆ. ಅಷ್ಟೇ ವ್ಯತ್ಯಾಸ.

ಮುಂದಿನ ವರ್ಷ ಅವರು ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಅದು ವಾಣಿಜ್ಯ ಕಾಲೇಜು. ಬ್ಯಾಂಕಿಗೆ, ಕಂಪನಿಗೆ ಬೇಕಾದವರನ್ನು ತಯಾರು ಮಾಡುವುದೇ ಅದರ ಉದ್ದೇಶ. ಅಲ್ಲಿ ಪ್ರಾಧ್ಯಾಪಕರಿಗಾಗಿ ಇಟ್ಟಿದ್ದ ನೀರಿನ ಹೂಜಿಯಿಂದ ಅಂಬೇಡ್ಕರ್ ನೀರು ಕುಡಿಯುವುದಕ್ಕೆ ಕೆಲವು ಸಹೋದ್ಯೋಗಿಗಳೇ ತಕರಾರು ತೆಗೆದರೆಂದು ಧನಂಜಯ ಕೀರ್ ಬರೆಯುತ್ತಾರೆ. ವಿದ್ಯಾರ್ಥಿಗಳನ್ನು ಉದ್ಯೋಗಕ್ಕೆ ಸಿದ್ಧಗೊಳಿಸುವ ಕಾಲೇಜೇ ತನ್ನ ಉದ್ಯೋಗಿಯೊಬ್ಬನನ್ನು ಹೂಜಿಯ ಹತ್ತಿರ ತಡೆಯುತ್ತದೆ. ಇಲ್ಲಿ ಕೊರತೆ ಯಾರದು? ಇವತ್ತು ನಾವು ಸಾಫ್ಟ್ ಸ್ಕಿಲ್, ಪರ್ಸನಾಲಿಟಿ ಡೆವಲಪ್‌ಮೆಂಟ್ ಎಂದೆಲ್ಲ ತರಬೇತಿ ನಡೆಸುತ್ತೇವಲ್ಲ, ಅದರ ಹಿಂದಿನ ನಂಬಿಕೆ ಒಂದೇ: ಅಡ್ಡಿ ಇರುವುದು ಹುಡುಗನ ಒಳಗೆ. 1918ರ ಆ ಪ್ರಾಧ್ಯಾಪಕನಿಗೆ ಯಾವ ಸ್ಕಿಲ್ ಕಮ್ಮಿ ಇತ್ತು, ಸ್ವಾಮಿ?

ನಮ್ಮ ನಾಡಿನ ಕಡೆಗೂ ಒಮ್ಮೆ ನೋಡಬೇಕು. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಮಹಾರ್ ಹುಡುಗನೊಬ್ಬ ಅರ್ಜಿ ಕೊಟ್ಟ. ಮುಂಬಯಿ ಸರ್ಕಾರ ಸೇರಿಸಲಿಲ್ಲ. 1918ರಲ್ಲಿ ಮೈಸೂರಿನಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು. ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಹಿಂದುಳಿದವರಿಗೆ ಸಿಗಬೇಕೆಂದಿತು. 1921ರಲ್ಲಿ ಸರ್ಕಾರದ ಆದೇಶವೂ ಆಯಿತು. ನಮ್ಮ ಚರಿತ್ರೆಕಾರರು ಇದನ್ನು ಸಾಮಾಜಿಕ ನ್ಯಾಯದ ಮೊದಲ ಮೆಟ್ಟಿಲು ಅಂತ ಕೊಂಡಾಡುತ್ತಾರೆ, ಕೊಂಡಾಡಲಿ. ಆದರೆ ಅಲ್ಲಿ ಹಿಂದುಳಿದವರು ಎಂದರೆ ಬ್ರಾಹ್ಮಣರಲ್ಲದ ಎಲ್ಲರೂ. ಭೂಮಿ ಇದ್ದವರೂ, ಭೂಮಿ ಮೆಟ್ಟಲೂ ಹೆದರಬೇಕಾದವರೂ ಒಂದೇ ಸಾಲಿನಲ್ಲಿ. ಶಾಲೆಯ ಜಗಲಿಯೇ ಹತ್ತದವನಿಗೆ ಅಮಲ್ದಾರ್ ಕಚೇರಿಯ ಕುರ್ಚಿಯಲ್ಲಿ ಪಾಲು ಕೊಟ್ಟರೆ ಆ ಪಾಲು ಯಾರ ಮನೆಗೆ ಹೋಗುತ್ತದೆ? ಹುದ್ದೆಗೂ ಶಾಲೆಗೂ ನಡುವೆ ಇರುವ ಹಾದಿಯನ್ನು ಆ ಆದೇಶ ಕಾಣಲಿಲ್ಲ.

ಆ ಹಾದಿಯನ್ನು ಪೂರ್ತಿಯಾಗಿ ಕಂಡವರು, ಅದರಲ್ಲಿ ಬಿದ್ದು ಎದ್ದ ಅಂಬೇಡ್ಕರ್. 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದ ಕಾಲದ ಕೆಲಸಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದರೆ ಇದು ತಿಳಿಯುತ್ತದೆ. 1943ರಲ್ಲಿ ಕೇಂದ್ರದ ಹುದ್ದೆಗಳಲ್ಲಿ ಪರಿಶಿಷ್ಟ ಜಾತಿಗಳಿಗೆ ಶೇ. 8.33 ಮೀಸಲಾತಿ, 1946ರಲ್ಲಿ ಅದು ಶೇ. 12.5. ಈ ನಡುವೆಯೇ ಪರಿಶಿಷ್ಟ ವಿದ್ಯಾರ್ಥಿಗಳ ಉನ್ನತ ಓದಿಗೆ ಸರ್ಕಾರದ ವಿದ್ಯಾರ್ಥಿವೇತನ. ಇನ್ನೂ ಕುತೂಹಲದ ಸಂಗತಿ 1945ರ ಜುಲೈ ತಿಂಗಳದು. ಯುದ್ಧದಿಂದ ಮರಳುವವರಿಗೆ ಕೆಲಸ ಹುಡುಕಿಕೊಡಲು ಅವರ ಇಲಾಖೆಯ ಅಡಿಯಲ್ಲಿ ಉದ್ಯೋಗ ವಿನಿಮಯ ಕೇಂದ್ರಗಳ ವ್ಯವಸ್ಥೆ ಹುಟ್ಟಿದ್ದು ಆ ತಿಂಗಳು. ಪೀಪಲ್ಸ್ ಎಜುಕೇಷನ್ ಸೊಸೈಟಿಯನ್ನು ಅವರು ಸ್ಥಾಪಿಸಿದ್ದೂ ಅದೇ ತಿಂಗಳು, 8ರಂದು. ಒಂದು ಕೈಯಲ್ಲಿ ಉದ್ಯೋಗ, ಇನ್ನೊಂದರಲ್ಲಿ ಕಾಲೇಜು. ಇದನ್ನು ಕಾಕತಾಳೀಯವೆಂದು ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪದು.

1946ರ ಜೂನ್ 20ರಂದು ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ತೆರೆಯಿತು. ಅದರ ದೊಡ್ಡತನ ಕಟ್ಟಡದಲ್ಲಿಲ್ಲ, ಗಂಟೆಯಲ್ಲಿದೆ. ತರಗತಿಗಳು ಬೆಳಿಗ್ಗೆ ನಡೆದವು. ಕಚೇರಿಗಳಲ್ಲಿ ದುಡಿಯುವ ಹುಡುಗರು ಪಾಠ ಮುಗಿಸಿಕೊಂಡು ಕೆಲಸಕ್ಕೆ ಹೋಗಬಹುದಿತ್ತು. ಹಸಿವಿನ ಹೊತ್ತನ್ನು ನೋಡಿ ಪಾಠದ ಹೊತ್ತನ್ನು ಇಟ್ಟ ಕಾಲೇಜು ಅದು. ಓದಿ ಮುಗಿಸಿದ ಮೇಲೆ ಕೆಲಸ ಎಂಬುದು ಉಳ್ಳವರ ಕ್ರಮ. ಕೆಲಸ ಬಿಟ್ಟರೆ ಮನೆಯಲ್ಲಿ ಒಲೆ ಉರಿಯದವನಿಗೆ ಅದು ನಡೆಯುವುದಿಲ್ಲ.

1950ರಲ್ಲಿ ಔರಂಗಾಬಾದಿನಲ್ಲಿ ಮಿಲಿಂದ್ ಕಾಲೇಜಾಯಿತು. ಆಗ ನಮ್ಮ ಗುಲ್ಬರ್ಗ, ಬೀದರ್, ರಾಯಚೂರುಗಳೂ ಅದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಮುಂದೆ ಎಂ.ಎನ್. ವಾಂಖೇಡೆ ಇದ್ದದ್ದು, ಗಂಗಾಧರ ಪಾನತಾವಣೆ ಪಾಠ ಮಾಡಿದ್ದು ಅಲ್ಲಿಯೇ. ಮರಾಠಿಯ ದಲಿತ ವಿಮರ್ಶೆ ಮಾತು ಕಲಿತದ್ದು ಬಹುಮಟ್ಟಿಗೆ ಆ ಆವರಣದಲ್ಲಿ. ದಲಿತ ವಿಮರ್ಶೆಯ ಈ ವಿಶೇಷಾಂಕದಲ್ಲಿ ನೌಕರಿಯ ಮಾತು ಯಾಕಪ್ಪಾ ಅನ್ನುವವರಿಗೆ ನಾನು ಹೇಳುವುದು ಇಷ್ಟು: ಕೃತಿಯನ್ನು ಓದುವ ಕಣ್ಣಿಗೆ ಮೊದಲು ಹಾಸ್ಟೆಲ್ಲಿನ ದೀಪ ಬೇಕಾಗಿತ್ತು. 'ಊರುಕೇರಿ' ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇದೆಲ್ಲ ಹಳೇ ಕತೆ, ಈಗ ಮಾರುಕಟ್ಟೆಗೆ ಜಾತಿ ಗೊತ್ತಿಲ್ಲ ಅನ್ನುವ ಸಹೋದ್ಯೋಗಿಗಳು ನಮ್ಮ ಸ್ಟಾಫ್ ರೂಮಿನಲ್ಲೂ ಇದ್ದಾರೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್, ಅರ್ಹತೆ ಒಂದೇ ಇದ್ದು ಹೆಸರು ಮಾತ್ರ ಬೇರೆಯಾದ ಅರ್ಜಿಗಳನ್ನು ಖಾಸಗಿ ಕಂಪನಿಗಳಿಗೆ ಕಳಿಸಿ ನೋಡಿದರು. ದಲಿತ ಹೆಸರಿನ ಅರ್ಜಿಗೆ ಕರೆ ಬರುವ ಸಾಧ್ಯತೆ ಕಡಿಮೆ ಇತ್ತು. ಅದೇ ವರ್ಷ ಸುರಿಂದರ್ ಜೋಧ್ಕಾ ಮತ್ತು ಕ್ಯಾಥರೀನ್ ನ್ಯೂಮನ್, ಕೆಲಸಕ್ಕೆ ಆರಿಸುವ ಅಧಿಕಾರಿಗಳನ್ನೇ ಮಾತಾಡಿಸಿದರು. ಪ್ರತಿಭೆಯೊಂದೇ ಮುಖ್ಯ ಎನ್ನುವ ಬಾಯಲ್ಲೇ 'ಕುಟುಂಬದ ಹಿನ್ನೆಲೆ'ಯ ಮಾತೂ ಬಂತು. ಹೂಜಿ ಈಗ ಮೇಜಿನ ಮೇಲಿಲ್ಲ, ಪ್ರಶ್ನೆಯೊಳಗಿದೆ.

ಹಾಗಾದರೆ ತಾಲ್ಲೂಕಿನ ಒಂದು ಕಾಲೇಜು ಏನು ಮಾಡಬಹುದು? ಇಂಗ್ಲಿಷ್ ಬೇಡವೆ? ಬೇಕು, ಖಂಡಿತ ಬೇಕು, ನಾನು ಅದರಲ್ಲಿ ಎಡವಿದವನೇ. ಕಂಪ್ಯೂಟರೂ ಬೇಕು. ಆದರೆ ನಮ್ಮಲ್ಲಿ ಕಂಪ್ಯೂಟರ್ ತರಬೇತಿ ಇಟ್ಟದ್ದು ಸಂಜೆ ನಾಲ್ಕಕ್ಕೆ, ಪೆಟ್ರೋಲ್ ಬಂಕಿಗೆ, ಅಂಗಡಿಗೆ ಕೆಲಸಕ್ಕೆ ಹೋಗುವ ಹುಡುಗರು ಹೊರಡುವ ಹೊತ್ತಿಗೆ ಸರಿಯಾಗಿ. ಬಹಳ ಗೋಗರೆದು ಈ ವರ್ಷ ಬೆಳಿಗ್ಗೆ ಎಂಟಕ್ಕೆ ತಂದಿದ್ದೇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಬೆಂಗಳೂರಿಗೆ ಹೋಗುವ ನಮ್ಮ ಹುಡುಗರು ಹಿಂದಿನ ರಾತ್ರಿ ಮೆಜೆಸ್ಟಿಕ್ ಬಸ್ ನಿಲ್ದಾಣದಲ್ಲಿ ಮಲಗಿ, ಅಲ್ಲೇ ಮುಖ ತೊಳೆದು ಹೋಗುತ್ತಾರೆ ಎಂಬುದು ನನಗೆ ಗೊತ್ತಾದದ್ದೇ ಈಚೆಗೆ. ಬರೋಡಾದ ಉದ್ಯಾನ ನೆನಪಾಯಿತು. ಒಂದು ರಾತ್ರಿ ಜಾಗ ಕೊಡಬಲ್ಲ ಹಳೆಯ ವಿದ್ಯಾರ್ಥಿಗಳ ಹೆಸರು, ಫೋನ್ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೇನೆ. ಈವರೆಗೆ ಒಂಬತ್ತು ಸಿಕ್ಕಿವೆ. ಹುಡುಗಿಯರಿಗೆ ಎರಡೇ.

ಆ ಹುಡುಗ ಈಗ ಪಟ್ಟಣದ ಒಂದು ಮೆಡಿಕಲ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ಬೆಳಗಿನ ತರಗತಿಗೂ ಬರುತ್ತಾನೆ. ಅವನ ಹಳೆಯ ಬಯೋಡೇಟಾವನ್ನು ಮೊನ್ನೆ ತೆಗೆದು ನೋಡಿದೆ. 'ತಂದೆಯ ಉದ್ಯೋಗ' ಎಂಬ ಕಾಲಂ ಇತ್ತು. ಆ ನಮೂನೆ ಮಾಡಿ ಹಂಚಿದವನು ನಾನೇ. ಈಗ ಅದನ್ನು ತೆಗೆದುಹಾಕಿದ್ದೇನೆ. ತಂದೆತಾಯಿಯ ಕಸುಬನ್ನು ಸಂದರ್ಶನದಲ್ಲಿ ಕೇಳಬಾರದು, ಇದಕ್ಕೆ ಒಪ್ಪಿದವರು ಮಾತ್ರ ನಮ್ಮ ಕಾಲೇಜಿಗೆ ಬರಲಿ ಎಂದು ಕಂಪನಿಗಳಿಗೆ ಒಂದು ಪತ್ರವನ್ನೂ ಬರೆದಿಟ್ಟೆ. "ಇಷ್ಟು ಬಿಗಿ ಮಾಡಿದ್ರೆ ಬರೋರೂ ಬರಲ್ಲ ಕಣ್ರೀ" ಅಂದರು ಪ್ರಾಂಶುಪಾಲರು. ಅವರ ಭಯ ಸುಳ್ಳಲ್ಲ. ಪತ್ರ ಅವರ ಮೇಜಿನ ಮೇಲಿದೆ. ಸಹಿ ಇನ್ನೂ ಆಗಿಲ್ಲ.