ಬೋರಿಂಗಿನ ನೀರು, ಮಕ್ಕಳ ಹಲ್ಲು

ಕಳೆದ ತಿಂಗಳು ಮಧುಗಿರಿಯ ಮದುವೆಯೊಂದರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ. ಕಾಲಿಗೆರಗಿ, ಪಕ್ಕದಲ್ಲಿ ಕುಳಿತು ಬಹಳ ಹೊತ್ತು ಮಾತನಾಡಿದ. ನಗುವಾಗಲೆಲ್ಲ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ. ಐವತ್ತು ದಾಟಿದ ಮನುಷ್ಯನಲ್ಲಿ ಉಳಿದುಬಂದ ಆ ಅಭ್ಯಾಸವನ್ನು ಕಂಡು ನನಗೆ ಊಟ ರುಚಿಸಲಿಲ್ಲ. ಅದು ಅವನಿಗೆ ಅಂಟಿದ್ದು ನನ್ನ ತರಗತಿಯಲ್ಲಿ.

1986ರಲ್ಲಿ ನನಗೆ ಪಾವಗಡ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಗೆ ವರ್ಗವಾಯಿತು. ಮಕ್ಕಳ ಹಲ್ಲುಗಳ ಮೇಲೆ ಸುಣ್ಣ ಬಳಿದಂತಹ ಬಿಳಿ ಮಚ್ಚೆಗಳು, ಕೆಲವರಿಗೆ ಅಡ್ಡಡ್ಡ ಕಂದು ಗೆರೆಗಳು. ಶುಚಿತ್ವ ಕಲಿಸುವ ಉತ್ಸಾಹದಲ್ಲಿದ್ದ ನಾನು ಪ್ರಾರ್ಥನೆಯ ಸಾಲಿನಲ್ಲಿ ಅವರನ್ನು ಬೇರೆ ನಿಲ್ಲಿಸಿ, ಇದ್ದಿಲು, ಉಪ್ಪು ಹಾಕಿ ಉಜ್ಜಿಕೊಂಡು ಬನ್ನಿರೆಂದು ಗದರುತ್ತಿದ್ದೆ. "ದಿನಾ ಉಜ್ತೀನಿ ಸಾ, ಹೋಗಲ್ಲ" ಎಂದು ಇವನೇ ಒಮ್ಮೆ ಹೇಳಿದ್ದ. ಎದುರು ಮಾತನಾಡುತ್ತಾನೆಂದು ಎರಡೇಟು ಕೊಟ್ಟೆ. ಅವನು ಹೇಳಿದ್ದು ಅಕ್ಷರಶಃ ಸತ್ಯವಾಗಿತ್ತು. ಆ ಕಲೆ ಮೇಲಿನ ಕೊಳೆಯಲ್ಲ. ಹಲ್ಲು ಒಸಡಿನೊಳಗೆ ರೂಪುಗೊಳ್ಳುವಾಗಲೇ ಅದರ ಮೈಯಲ್ಲಿ ಬೆರೆತುಹೋದದ್ದು. ಬೇವಿನ ಕಡ್ಡಿಯಿಂದಾಗಲಿ ಪೇಸ್ಟಿನಿಂದಾಗಲಿ ಹೋಗುವುದಲ್ಲ. ಇದ್ದಿಲು ಒತ್ತಿ ಉಜ್ಜಿದರೆ ಹಲ್ಲಿನ ಕವಚವೇ ಸವೆಯುತ್ತದೆ. ಎಷ್ಟು ಮಕ್ಕಳಿಂದ ಅದನ್ನು ಮಾಡಿಸಿದೆನೋ ಲೆಕ್ಕವಿಲ್ಲ.

ಚರಿತ್ರೆ ಪಾಠ ಮಾಡುವವನು ಮೊದಲು ಕೇಳಬೇಕಾದ ಪ್ರಶ್ನೆ "ಯಾವಾಗಿನಿಂದ?" ಎಂಬುದು. ನಾನು ಕೇಳಲಿಲ್ಲ. ಅದೇ ಹುಡುಗನ ಅಕ್ಕ ಮದುವೆಯಾಗಿ ಊರಲ್ಲೇ ಇದ್ದಳು. ಆಕೆಯ ಹಲ್ಲು ಮಲ್ಲಿಗೆಯಂತಿತ್ತು. ಒಂದೇ ಮನೆ, ಒಂದೇ ಮುದ್ದೆ, ಒಂದೇ ಬೇವಿನ ಮರ. ನಡುವೆ ಬದಲಾದದ್ದು ಒಂದೇ: ಅಕ್ಕ ಹುಟ್ಟಿ ಬೆಳೆದದ್ದು ಬಾವಿಯ ನೀರಿನಲ್ಲಿ, ತಮ್ಮ ಬೆಳೆದದ್ದು 1972ರ ಬರಗಾಲದ ನಂತರ ಊರಿಗೆ ಬಂದ ಬೋರಿಂಗಿನ ನೀರಿನಲ್ಲಿ.

ಹಾಗೆಂದು ಹಳೆಯ ಬಾವಿಗಳ ಕಾಲ ಸುವರ್ಣಯುಗವಾಗಿತ್ತೆಂದು ಯಾರೂ ಭಾವಿಸಬಾರದು. ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬುವ ಕಾಲದಲ್ಲಿ ನಾರುಹುಣ್ಣಿತ್ತು. ಶಿರಾದ ನಮ್ಮ ಅಜ್ಜಿ, ಕಾಲಿನ ಹುಣ್ಣಿನಿಂದ ಹೊರಬರುವ ಹುಳುವನ್ನು ಕಡ್ಡಿಗೆ ಸುತ್ತುತ್ತಾ ದಿನಕ್ಕೆ ಸ್ವಲ್ಪ ಸ್ವಲ್ಪವೇ ಎಳೆಯುತ್ತಿದ್ದುದನ್ನು ವರ್ಣಿಸುತ್ತಿದ್ದರು. ಕೇಳುವಾಗ ನಾವು ಕಾಲು ಮಡಚಿಕೊಳ್ಳುತ್ತಿದ್ದೆವು. ಈ ರೋಗವಿದ್ದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಮೆಟ್ಟಿಲು ಬಾವಿಗಳನ್ನು ಮುಚ್ಚಿಸಿ, ನೀರು ಸೋಸಿ ಕುಡಿಯಲು ಕಲಿಸಿ, ಕೊಳವೆ ಬಾವಿ ಕೊರೆಸಿ ಸರ್ಕಾರ ಅದನ್ನು ಅಟ್ಟಿತು. 1996ರಲ್ಲಿ ರಾಜಸ್ಥಾನದಲ್ಲಿ ಕಂಡದ್ದೇ ದೇಶದ ಕೊನೆಯ ಪ್ರಕರಣ. 2000ದಲ್ಲಿ ಭಾರತ ನಾರುಹುಣ್ಣಿನಿಂದ ಮುಕ್ತವೆಂದು ಘೋಷಿತವಾಯಿತು. ಇದು ಸಣ್ಣ ಸಾಧನೆಯಲ್ಲ. ಬೋರಿಂಗು ಬಂದ ದಿನ ಊರು ತೆಂಗಿನಕಾಯಿ ಒಡೆದು ಸಂಭ್ರಮಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ಕೇಡು ಹಿಂಬಾಗಿಲಿನಿಂದ ಹೋಗುವಾಗ ಇನ್ನೊಂದು ಮುಂಬಾಗಿಲಿನಿಂದ ಬಂತು.

ಅದು ಬಂದದ್ದು ನಮ್ಮ ಬೆಟ್ಟಗಳ ಬುಡದಿಂದ. ಮಧುಗಿರಿಯ ಏಕಶಿಲೆಯನ್ನೂ ಪಾವಗಡದ ದುರ್ಗವನ್ನೂ ಹೊತ್ತು ನಿಂತಿರುವುದು, ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ ಶಿಲಾಶ್ರೇಣಿ. ಸುಮಾರು 250 ಕೋಟಿ ವರ್ಷ ಪ್ರಾಯದ ಈ ಕಲ್ಲಿನ ಖನಿಜಗಳಲ್ಲಿ ಫ್ಲೋರೈಡ್ ಇದೆ. ಮಳೆ ಕಡಿಮೆಯಾದ, ನೀರು ಬಿರುಕುಗಳಲ್ಲಿ ಬಹುಕಾಲ ನಿಲ್ಲುವ ಸೀಮೆಯಲ್ಲಿ ಅದು ಕರಗಿ ನೀರಿಗೆ ಸೇರುತ್ತದೆ. ಕೆರೆಯ, ಮೇಲುಬಾವಿಯ ನೀರು ಮಳೆಯ ಮಗು. ಆಳದ ನೀರು ಕಲ್ಲಿನ ಮಗು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ 1.5 ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮ ದೇಶದ ಮಾನಕದಲ್ಲಿ 1 ಮಿಲಿಗ್ರಾಂ ಇರುವುದೇ ಅಪೇಕ್ಷಣೀಯ. ಪಾವಗಡದ ಅನೇಕ ಹಳ್ಳಿಗಳ ಕೊಳವೆ ಬಾವಿಗಳು ಈ ಮಿತಿಯನ್ನು ದಾಟಿದವು. ಮಧುಗಿರಿ, ಶಿರಾ, ಕೊರಟಗೆರೆ ಸೀಮೆಗಳೂ ಇದರಿಂದ ಪೂರ್ತಿ ಪಾರಾಗಲಿಲ್ಲ. ಮಕ್ಕಳಲ್ಲಿ ಹಲ್ಲು, ಎರಡು ಮೂರು ದಶಕ ಕುಡಿದ ಹಿರಿಯರಲ್ಲಿ ಮಂಡಿ, ಸೊಂಟ, ಕುತ್ತಿಗೆ. ನಲವತ್ತಕ್ಕೇ ಬಾಗಿದ ಬೆನ್ನನ್ನು ನಾವು "ಗೇಯ್ದು ಗೇಯ್ದು ಹಾಗಾಗಿದೆ" ಎನ್ನುತ್ತಿದ್ದೆವು.

ಗೊತ್ತಿರಲಿಲ್ಲವೆಂದು ಜಾರಿಕೊಳ್ಳುವಂತೆಯೂ ಇಲ್ಲ. ಅಮೆರಿಕದ ಕೊಲರಾಡೊದಲ್ಲಿ ಮೆಕೇ ಎಂಬ ದಂತವೈದ್ಯರು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಇಂತಹ ಹಲ್ಲುಗಳ ಜಾಡು ಹಿಡಿದು ಹೊರಟಿದ್ದರು. 1931ರಲ್ಲಿ ಕಾರಣ ನೀರಿನ ಫ್ಲೋರೈಡೆಂದು ತಿಳಿಯಿತು. 1937ರಲ್ಲಿ ಶಾರ್ಟ್ ಮತ್ತು ಸಂಗಡಿಗರು ಮದ್ರಾಸ್ ಪ್ರಾಂತದ ನೆಲ್ಲೂರು ಜಿಲ್ಲೆಯಲ್ಲಿ ಮೂಳೆಯ ಬಾಧೆಯನ್ನು ಗುರುತಿಸಿ ಬರೆದರು. ನಮ್ಮ ಜಯಮಂಗಲಿ ಸೇರುವುದು ಉತ್ತರ ಪಿನಾಕಿನಿಯನ್ನು, ಆ ಹೊಳೆ ಸಮುದ್ರ ಸೇರುವುದು ಅದೇ ನೆಲ್ಲೂರಿನ ಬಳಿ! ಅಲ್ಲಿ ತಿಳಿದ ಸಂಗತಿ ನನ್ನ ಸ್ಟಾಫ್ ರೂಮಿಗೆ ತಲುಪಲು ಐವತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು.

ಈಗ ಬಂಧುಗಳು ನನ್ನನ್ನು ಕೇಳುವ ಪ್ರಶ್ನೆಗೆ ಬರುತ್ತೇನೆ. ಯಾವ ಮಾತ್ರೆ, ಯಾವ ಪುಡಿ, ಸಿದ್ಧರಬೆಟ್ಟದ ಯಾವ ಬೇರು? ಕೊರಟಗೆರೆಯ ಆ ಬೆಟ್ಟದ ಔಷಧೀಯ ಸಸ್ಯಗಳ ಮೇಲೆ ನನಗೆ ಗೌರವವಿದೆ, ಹಲವು ಸಲ ಹತ್ತಿದ್ದೇನೆ. ಆದರೆ ಗಟ್ಟಿಯಾಗಿಹೋದ ಕೀಲನ್ನು ಸಡಿಲಿಸುವ, ಕಲೆಗೊಂಡ ಹಲ್ಲನ್ನು ಬಿಳಿಮಾಡುವ ಬೇರು ಅಲ್ಲಿಲ್ಲ. ಇದೆ ಎಂದು ಹಣ ಕೇಳುವವರನ್ನು ನಂಬಬೇಡಿ. ಕ್ಯಾಲ್ಸಿಯಂ ಮಾತ್ರೆಯನ್ನೂ ವೈದ್ಯರನ್ನು ಕೇಳದೆ ನುಂಗಬೇಡಿ.

ಅಡಿಗೆಮನೆಯಲ್ಲಿ ಮಾತ್ರ ಸ್ವಲ್ಪ ಆಸರೆಯಿದೆ. ಕ್ಯಾಲ್ಸಿಯಂ ಇರುವ ಆಹಾರ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದು, ಮೈಗೆ ಸೇರುವುದನ್ನು ತಗ್ಗಿಸುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ. ಬಿಳಿ ಅಕ್ಕಿಯಲ್ಲಿ ಅದರ ಹತ್ತರ ಒಂದು ಪಾಲೂ ಇಲ್ಲ. ಪಡಿತರದ ಅಕ್ಕಿ ಹಸಿವನ್ನು ನೀಗಿತು, ನಿಜ; ಮುದ್ದೆಯನ್ನು ತಟ್ಟೆಯಿಂದ ಪಕ್ಕಕ್ಕೂ ಸರಿಸಿತು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ, ಕೃಷ್ಣಸ್ವಾಮಿ ಅವರು ಫ್ಲೋರೈಡ್ ಸೀಮೆಯಲ್ಲಿ ಮಂಡಿ ಒಳಬಾಗಿದ ಮಕ್ಕಳನ್ನು ಕುರಿತು ಬರೆದ ಮೇಲೆ, ನೀರಿನ ಜೊತೆ ಊಟದ ಕಡೆಗೂ ವಿದ್ವಾಂಸರ ಗಮನ ಹರಿಯಿತು. ನುಗ್ಗೆಸೊಪ್ಪು, ಮಜ್ಜಿಗೆ, ನೆಲ್ಲಿಕಾಯಿಗಳನ್ನು ನಾನು ಹೊಗಳುವುದು ಈ ಕಾರಣಕ್ಕೆ. 2013ರಿಂದ ಶಾಲೆಗಳಲ್ಲಿ ಹಾಲು ಕೊಡತೊಡಗಿದಾಗ ನಿವೃತ್ತನಾಗಿದ್ದರೂ ಹಿಗ್ಗಿದೆ.

ಇನ್ನೂ ಸೋಜಿಗದ್ದು ಹುಣಸೆ. ನಮ್ಮ ಬದುಗಳಲ್ಲಿ ಯಾರ ಆರೈಕೆಯೂ ಇಲ್ಲದೆ ನಿಂತ ಮರ! ಅದೇ ಸಂಸ್ಥೆಯ ಸಂಶೋಧಕರು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣನ್ನು 18 ದಿನ ಊಟದೊಡನೆ ಕೊಟ್ಟು ನೋಡಿದರು. ಮೂತ್ರದಲ್ಲಿ ಹೊರಹೋಗುವ ಫ್ಲೋರೈಡಿನ ಪ್ರಮಾಣ ಹೆಚ್ಚಿತು. 2002ರಲ್ಲಿ ಅದು ಪ್ರಕಟವಾಯಿತು. ನಮ್ಮ ಹುಳಿಸಾರಿಗೆ ಇಂಥ ಗುಣವೂ ಇದೆಯೆಂದು ಓದಿದ ದಿನ ಮನೆಯಾಕೆಗೆ ಕೂಗಿ ಹೇಳಿದೆ. "ಬೇಡ ಅಂತ ತಟ್ಟೆ ಸರಿಸ್ತಿದ್ದೋರು ನೀವೇ ಅಲ್ವೇ?" ಎಂದು ಉತ್ತರ ಬಂತು. ಅದೇನಿದ್ದರೂ ಸಣ್ಣ ಪ್ರಯೋಗ. ಕೆಟ್ಟ ನೀರನ್ನೇ ಕುಡಿಯುತ್ತಾ ಹುಣಸೆಯನ್ನು ನೆಚ್ಚಿಕೊಳ್ಳುವುದು ತೂತು ಮಡಕೆಗೆ ನೀರು ಹೊಯ್ದಂತೆ.

ಮುಖ್ಯವಾದದ್ದು ನೀರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಹೆಚ್ಚುತ್ತದೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ. ಪಟಿಕ, ಸುಣ್ಣ ಬೆರೆಸಿ ತಿಳಿಗೊಳಿಸುವ ನಲಗೊಂಡ ವಿಧಾನ 1970ರ ದಶಕದಲ್ಲೇ ಬಂದಿತ್ತು. ಹಳ್ಳಿಯಲ್ಲಿ ದಿನವೂ ಅಳೆದು ಹಾಕುವವರು ಯಾರು? ಆಮೇಲೆ ನಾಣ್ಯ ಹಾಕಿ ನೀರು ಹಿಡಿಯುವ ಶುದ್ಧ ನೀರಿನ ಘಟಕಗಳು ಬಂದವು. 2025ರಲ್ಲಿ ತುಂಗಭದ್ರಾ ಹಿನ್ನೀರಿನ ಕುಡಿಯುವ ನೀರಿನ ಯೋಜನೆ ಪಾವಗಡದಲ್ಲಿ ಉದ್ಘಾಟನೆಯಾಯಿತು. ಘಟಕ ಕೆಟ್ಟು ನಿಂತ ದಿನ ಬೋರಿಂಗಿಗೆ ಮರಳಬೇಡಿ, ದೊಡ್ಡವರಿಗಿಂತ ಮೊದಲು ಎಂಟು ವರ್ಷದೊಳಗಿನ ಮಕ್ಕಳಿಗೆ ಒಳ್ಳೆಯ ನೀರು ಮೀಸಲಿಡಿ ಎಂದು ಮಾತ್ರ ಹೇಳಬಲ್ಲೆ. ಹಲ್ಲು ಕೆಡುವುದು ಆ ವಯಸ್ಸಿನಲ್ಲೇ.

ಮದುವೆಮನೆಯಲ್ಲಿ ಅವನ ಕೈ ಹಿಡಿದು, "ಅವತ್ತು ನಿನ್ನ ಹೊಡೆದದ್ದು ತಪ್ಪು ಕಣಪ್ಪ" ಎಂದೆ. ಅವನಿಗೆ ಏಟು ನೆನಪಿರಲಿಲ್ಲ. "ಸಾಲಲ್ಲಿ ಬೇರೆ ನಿಲ್ಲಿಸ್ತಿದ್ರಲ್ಲ ಸಾ, ಅದು ಜ್ಞಾಪಕ ಇದೆ" ಎಂದ. ಅಷ್ಟರಲ್ಲಿ ಅವನ ಮೊಮ್ಮಗಳು ಓಡಿಬಂದು ತೊಡೆಯೇರಿದಳು. ಮುಂದಿನ ಹಾಲುಹಲ್ಲು ಎರಡೂ ಬಿದ್ದಿದ್ದವು. "ಇವಳಿಗೆ ಯಾವ ನೀರು?" ಎಂದು ಕೇಳಿದೆ. "ಘಟಕದ್ದೇ ಸಾ. ಸ್ಕೂಲಿಗೂ ಬಾಟ್ಲಲ್ಲಿ ಅದನ್ನೇ ಕಳಿಸ್ತೀವಿ" ಎಂದ, ಬಾಯಿಗೆ ಕೈ ಅಡ್ಡ ಹಿಡಿದು.